ಯಾರ್ದ್ರೀ ಈ ಗಾಡಿ?

ಗೋಕಾಕದ ಪೇಟೆಯಲ್ಲಿ ದಿನವಿಡೀ ಕೇಳಿಬರುವ ಪ್ರಶ್ನೆ ಕರದಂಟಿನ ದರದ್ದಲ್ಲ, ಕಬ್ಬಿನ ಬಿಲ್ಲಿನದೂ ಅಲ್ಲ. “ಯಾರ್ದ್ರೀ ಈ ಗಾಡಿ?” ಎನ್ನುವುದು. ಉತ್ತರ ಬರುತ್ತದೆಂಬ ಆಸೆ ಕೇಳುವವನಿಗೂ ಇರುವುದಿಲ್ಲ. ಮೊದಲ ಸಲ ದನಿ ಸೌಮ್ಯವಾಗಿರುತ್ತದೆ. ಎರಡನೆಯ ಸಲಕ್ಕೆ ‘ರೀ’ ಬಿದ್ದುಹೋಗುತ್ತದೆ. ಮೂರನೆಯ ಸಲಕ್ಕೆ ಗಾಡಿಯವನ ಮನೆತನದ ವಿಚಾರಣೆ ಶುರುವಾಗುತ್ತದೆ. ಅಷ್ಟರಲ್ಲಿ ಚಹಾದಂಗಡಿಯಿಂದ ಇಬ್ಬರು, ಮೊಬೈಲ್ ಅಂಗಡಿಯಿಂದ ಇಬ್ಬರು ಹುಡುಗರು ಎದ್ದು ಬಂದು, ಹ್ಯಾಂಡಲ್ ಲಾಕ್ ಆಗಿರುವ ಆ ಮೋಟರ್‌ಸೈಕಲ್ಲಿನ ಹಿಂದಿನ ಗಾಲಿ ಎತ್ತಿ, ಮುಂದಿನ ಗಾಲಿಯ ಮೇಲೆ ಗರ್ರನೆ ತಿರುಗಿಸಿ, ಪಕ್ಕದ ಅಂಗಡಿಯ ಮುಂದೆ ಇಳಿಸುತ್ತಾರೆ. ಹತ್ತು ನಿಮಿಷಕ್ಕೆ ಆ ಅಂಗಡಿಯವನು ಹೊರಗೆ ಬರುತ್ತಾನೆ. “ಯಾರ್ದ್ರೀ ಈ ಗಾಡಿ?”

ಹೀಗೆ ಮುಂಜಾನೆ ಬಟ್ಟೆ ಅಂಗಡಿಯ ಮುಂದೆ ಹಚ್ಚಿದ ಗಾಡಿ ಮಧ್ಯಾಹ್ನದ ಹೊತ್ತಿಗೆ ಭಾಂಡೆ ಅಂಗಡಿ ದಾಟಿ, ಗೊಬ್ಬರದಂಗಡಿ ದಾಟಿ, ಕೂಟದ ಹತ್ತಿರ ಬಂದಿರುತ್ತದೆ. ಒಂದು ಹನಿ ಪೆಟ್ರೋಲೂ ಖರ್ಚಾಗಿರುವುದಿಲ್ಲ. ಮಾಲೀಕ ಬಂದು ಕಂಗಾಲಾಗಿ ನಿಂತರೆ ದಾರಿ ತೋರಿಸುವವರೂ ಅದೇ ಎತ್ತಿದವರೇ: “ನಿಮ್ದು ಕರೀದೇನ್ರಿ? ಈಗ ಹಿಂಗ ಮುಂದ ಹೋತ್ ನೋಡ್ರಿ.” ಗಾಡಿ ತಾನೇ ನಡೆದು ಹೋದಂತೆ ಹೇಳುತ್ತಾರೆ. ಎತ್ತಿದ್ದಕ್ಕೆ ಕೂಲಿ ಇಲ್ಲ, ದಂಡ ಇಲ್ಲ, ಮೇಲೆ ವಿಳಾಸ ಪುಕ್ಕಟೆ.

ಬೆಂಗಳೂರಿನಲ್ಲಿ ಇದೇ ಕೆಲಸಕ್ಕೆ ಲಾರಿ ಇತ್ತು, ಗುತ್ತಿಗೆ ಇತ್ತು, ಲಾರಿಯಿಂದ ಚಂಗನೆ ಜಿಗಿಯುವ ಹುಡುಗರಿದ್ದರು. ನಮ್ಮ ಗೋಕಾಕ, ಮೂಡಲಗಿ, ಹುಕ್ಕೇರಿ ಪೇಟೆಗಳಲ್ಲಿ ಅಂಥ ಲಾರಿ ದಿನಾ ಅಡ್ಡಾಡುವುದನ್ನು ನಾನಂತೂ ನೋಡಿಲ್ಲ. ಪೊಲೀಸರು ಆಗಾಗ ಬರುತ್ತಾರೆ, ಸೀಟಿ ಊದುತ್ತಾರೆ, ಫೋಟೊ ಹೊಡೆದುಕೊಳ್ಳುತ್ತಾರೆ. ಉಳಿದ ಹೊತ್ತು ಸಂಚಾರ ವ್ಯವಸ್ಥೆಯೆಲ್ಲ ಅಂಗಡಿಕಾರರ ಗಂಟಲಿನ ಮೇಲೆ ನಡೆಯುತ್ತದೆ.

ಕಷ್ಟ ಎರಡು ಹಂಗಾಮಿನಲ್ಲಿ. ಮಳೆಗಾಲದಲ್ಲಿ ಘಟಪ್ರಭೆ ತುಂಬಿ ಫಾಲ್ಸ್ ಕೆಂಪಗೆ ಧುಮುಕತೊಡಗಿದರೆ ಕೊಲ್ಹಾಪುರದ ಎಂಎಚ್ 09, ಸಾಂಗಲಿಯ ಎಂಎಚ್ 10 ಕಾರುಗಳು ನಮ್ಮ ಕೆಎ 49ರ ನಡುವೆ ತೂರಿಕೊಂಡು ಬರುತ್ತವೆ. ನೀರು ನೋಡಿ ಮುಗಿದ ಮೇಲೆ ಕರದಂಟು ಬೇಕು. ಕರದಂಟಿನ ಅಂಗಡಿಯ ಮುಂದೆ ಇಂಡಿಕೇಟರ್ ಹಚ್ಚಿ “ಎರಡೇ ನಿಮಿಷ” ಎಂದು ಇಳಿಯುತ್ತಾರೆ. ಕರದಂಟು ಕೊಳ್ಳುವುದು ಎರಡು ನಿಮಿಷದ ಕೆಲಸವೇ? ಒಂದು ತುಂಡು ರುಚಿ ನೋಡಬೇಕು, ಅಂಟು ಹೆಚ್ಚೋ ಉತ್ತತ್ತಿ ಹೆಚ್ಚೋ ಎಂದು ಅಗಿಯುತ್ತಾ ಚರ್ಚಿಸಬೇಕು, ಅರ್ಧ ಕಿಲೋದ ಡಬ್ಬಿ ಎಷ್ಟು ಎಂದು ಮನೆಯಲ್ಲಿ ಉಳಿದವರಿಗೆ ಫೋನ್ ಹಚ್ಚಬೇಕು. ಹಿಂದೆ ಬಸ್ಸು ನಿಂತಿರುತ್ತದೆ.

ಇನ್ನೊಂದು ಹಂಗಾಮು ಕಬ್ಬಿನದು. ಎರಡು ಟ್ರೇಲಿ ಕಟ್ಟಿಕೊಂಡು, ಆಕಾಶಕ್ಕೆ ಕಬ್ಬು ಹೇರಿ, ಹಾಡು ಹಚ್ಚಿಕೊಂಡು ಬರುವ ಟ್ರ್ಯಾಕ್ಟರು ನಡುರಸ್ತೆಯಲ್ಲಿ ನಿಂತರೆ “ಯಾರ್ದ್ರೀ” ಎಂದು ಯಾರೂ ಕೇಳುವುದಿಲ್ಲ. ಎಲ್ಲರಿಗೂ ಗೊತ್ತು ಅದು ಯಾರದೆಂದು. ಪೇಟೆಯಲ್ಲಿ ಕುಳಿತವರಲ್ಲಿ ಅರ್ಧ ಜನರ ಹೊಟ್ಟೆ ಆ ಟ್ರೇಲಿಯ ಮೇಲೇ ಇದೆ. 2025ರ ನವೆಂಬರಿನಲ್ಲಿ ಟನ್ನಿಗೆ 3,500 ರೂಪಾಯಿ ಬೇಕೆಂದು ರೈತರು ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ರಸ್ತೆಯ ಮೇಲೇ ಕೂತರಲ್ಲ, ಆಗ ಅಲ್ಲಿ ಪಾರ್ಕಿಂಗಿನ ನಿಯಮ ಯಾರೂ ಓದಲಿಲ್ಲ. ಸರಕಾರವೇ ಎದ್ದು ಬಂದು 3,300ರ ಮಾತಾಡಿದ ಮೇಲೆಯೇ ರಸ್ತೆ ಬಿಟ್ಟಿತು. ಯಾವ ಕ್ರೇನಿಗೂ ಎತ್ತಲಾಗದ ಗಾಡಿಗಳು ಇರುತ್ತವೆ ಎಂಬುದು ಅಲ್ಲಿ ಎಲ್ಲರಿಗೂ ಕಂಡಿತು.

ಎತ್ತಲಾಗದವು ಬೇರೆಯೂ ಇವೆ. ಮುಂದಿನ ಗಾಜಿನ ಮೇಲೆ ದೊಡ್ಡವರ ಫೋಟೊ ಇರುವ ಬಿಳಿ ಕಾರು ಚೌಕದ ನಟ್ಟನಡುವೆ ನಿಂತರೂ, ಸುತ್ತಲಿನವರು ಅದು ಅಲ್ಲೇ ಹುಟ್ಟಿದ್ದೇನೋ ಎಂಬಂತೆ ಬಳಸಿಕೊಂಡು ಹೋಗುತ್ತಾರೆ. ಹಳ್ಳಿಯಿಂದ ಕೊತ್ತಂಬರಿ ತಂದ ಮುದುಕಿಯ ಬುಟ್ಟಿ ಮಾತ್ರ ದಿನಕ್ಕೆ ನಾಲ್ಕು ಸಲ ಸರಿಯುತ್ತದೆ. ನಮ್ಮ ಪೇಟೆಯ ಟೋಯಿಂಗಿಗೆ ಇರುವ ದೊಡ್ಡ ದೋಷ ಇದು. ನಾಲ್ವರು ಕೂಡಿ ಎತ್ತಬಲ್ಲ ತೂಕದ ಅಪರಾಧಗಳನ್ನಷ್ಟೇ ಅದು ಎತ್ತುತ್ತದೆ.

ಇನ್ನು ಅಂಗಡಿ ಮುಂದಿನ ಜಾಗ. ರಸ್ತೆ ನಗರಸಭೆಯದು, ಗಟಾರು ನಗರಸಭೆಯದು. ಗಟಾರಿನ ಮೇಲೆ ಹಾಕಿದ ಫರ್ಸಿ ಅಂಗಡಿಯವನದು. ಆ ಒಂದು ಫರ್ಸಿಯ ಬಲದ ಮೇಲೆ ಅಲ್ಲಿಂದ ರಸ್ತೆಯ ಅರ್ಧದವರೆಗಿನ ನೆಲವೂ ತನ್ನದೆಂದು ಅವನು ನಂಬಿದ್ದಾನೆ. ಗಡಿ ಗುರುತಿಗೆ ಹಳೆಯ ಟೈರು, ಕಾಲು ಮುರಿದ ಪ್ಲಾಸ್ಟಿಕ್ ಕುರ್ಚಿ, ಇಲ್ಲವೆ ಕಾಂಕ್ರೀಟು ತುಂಬಿ ನಡುವೆ ಪೈಪು ನೆಟ್ಟ ಬಣ್ಣದ ಡಬ್ಬಿ. ಗೋಡೆಯ ಮೇಲೆ ಕೆಂಪು ಅಕ್ಷರ: ‘ಇಲ್ಲಿ ಗಾಡಿ ಹಚ್ಚಬಾರದು. ಹಚ್ಚಿದರೆ ಗಾಳಿ ಬಿಡಲಾಗುವುದು.’ ಬೆಳಗ್ಗೆಯಿಂದ ಸಂಜೆಯವರೆಗೆ ಆ ಡಬ್ಬಿಯ ಹಿಂದೆ ನಿಂತಿರುವುದು ಅವನ ಸ್ವಂತ ಸ್ಕೂಟರು. ಗಿರಾಕಿ ಎಲ್ಲಿ ಹಚ್ಚಬೇಕು ಎಂದರೆ “ಅಲ್ಲೇ ಬಾಜೂಕ ಹಚ್ರಿ” ಎಂದು ನೆರೆಯವನ ಡಬ್ಬಿಯತ್ತ ಕೈ ಮಾಡುತ್ತಾನೆ.

ಹುಕ್ಕೇರಿಯಲ್ಲಿ ಒಮ್ಮೆ ನನ್ನ ಗಾಡಿಯ ಎರಡೂ ಗಾಲಿಯ ಗಾಳಿ ಹೋಗಿತ್ತು. ಅಲ್ಲಿ ಬೋರ್ಡು ಇರಲಿಲ್ಲ, ಡಬ್ಬಿಯೂ ಇರಲಿಲ್ಲ. ಆದಿಲ್‌ಶಾಹಿ ಕಾಲದ ಗುಮ್ಮಟಗಳನ್ನು ಬಂದ ನೆಂಟರಿಗೆ ತೋರಿಸಿ ಪೇಟೆಗೆ ಹೊರಳಿದ್ದೆವು. ಸುತ್ತ ನೋಡಿದರೆ ಎಲ್ಲರೂ ತಮ್ಮ ತಮ್ಮ ತಕ್ಕಡಿಯಲ್ಲಿ ಮಗ್ನ. ಕೇಳಿದರೆ “ಹುಡುಗರು ಮಾಡಿರಬೇಕ್ರಿ” ಎಂದರು. ಈ ಹುಡುಗರು ಎಂಬ ಸಂಸ್ಥೆಯೇ ವಿಚಿತ್ರ. ಎಲ್ಲ ಊರಿನಲ್ಲೂ ಇದೆ, ಎಲ್ಲ ಕೆಲಸಕ್ಕೂ ಹೊಣೆ ಹೊರುತ್ತದೆ, ಹುಡುಕಿದರೆ ಒಬ್ಬನೂ ಸಿಗುವುದಿಲ್ಲ. ಗಾಡಿ ನೂಕಿಕೊಂಡು ಪಂಕ್ಚರ್ ಅಂಗಡಿಗೆ ಹೋದೆ. ಅವನು ಗಾಲಿಯ ಕಡೆಯಾಗಲಿ, ನನ್ನ ಕಡೆಯಾಗಲಿ ನೋಡದೆ ಕಂಪ್ರೆಸರ್ ಚಾಲೂ ಮಾಡಿ, “ಆ ಲೈನ್ಯಾಗ ಹಚ್ಚಿದ್ರೇನ್ರಿ?” ಎಂದ. ಅಂಗಡಿಯವರಿಗೂ ಇವನಿಗೂ ಏನಾದರೂ ಒಳ ಒಪ್ಪಂದವೇ ಎಂಬ ಅನುಮಾನ ಬಂತು. ಆದರೆ ಅವನ ನಗೆ ಅಷ್ಟು ನಿರ್ಮಲವಾಗಿತ್ತು, ಕೇಳುವ ಧೈರ್ಯವಾಗಲಿಲ್ಲ.

ಗಾಳಿ ಹೋದದ್ದಕ್ಕಿಂತ ನನ್ನನ್ನು ಕೆಣಕಿದ್ದು ಇನ್ನೊಂದು. ಜಗಳಾಡಲು ಅಲ್ಲಿ ಮನುಷ್ಯನೇ ಇರಲಿಲ್ಲ. ಸರಕಾರದ ಕಾನೂನು ಈ ವಿಷಯದಲ್ಲಿ ನಮ್ಮ ಪೇಟೆಗಿಂತ ಎಷ್ಟೋ ಮರ್ಯಾದಸ್ಥ. 1988ರ ಮೋಟಾರು ವಾಹನ ಕಾಯ್ದೆಯ 127ನೇ ಕಲಮಿನ ಪ್ರಕಾರ, ಸಾರ್ವಜನಿಕ ಜಾಗದಲ್ಲಿ 10 ತಾಸು ಇಲ್ಲವೆ ಅದಕ್ಕೂ ಹೆಚ್ಚು ಹೊತ್ತು ಅನಾಥವಾಗಿ ಬಿಟ್ಟ, ಅಥವಾ ನಿಲ್ಲಿಸಬಾರದ ಕಡೆ ನಿಲ್ಲಿಸಿದ ಗಾಡಿಯನ್ನು ಎತ್ತಿಸಬಹುದು, ಗಾಲಿಗೆ ಕೀಲಿ ಜಡಿಸಬಹುದು. ಆದರೆ ಅಪ್ಪಣೆ ಕೊಡಬೇಕಾದವನು ಆ ಹದ್ದಿನ ಪೊಲೀಸ್ ಅಧಿಕಾರಿ, ಅದೂ ಯೂನಿಫಾರ್ಮಿನಲ್ಲಿ. ಎತ್ತಿದ ಖರ್ಚು ಮಾಲೀಕನ ತಲೆಗೆ. 177ನೇ ಕಲಮಿನ ಸಾಮಾನ್ಯ ದಂಡ 2019ರ ತಿದ್ದುಪಡಿಯ ಮೇಲೆ ಮೊದಲ ಸಲಕ್ಕೆ 500 ರೂಪಾಯಿಯವರೆಗೆ. ಗಾಳಿ ಬಿಡುವ ಅಧಿಕಾರ ಅಂಗಡಿಯವರಿಗೆ ಯಾವ ಕಲಮಿನಲ್ಲೂ ಇಲ್ಲ. ನಿಲ್ಲಿಸಲು ಜಾಗ ಗೊತ್ತುಮಾಡಿಕೊಡುವ ಮಾತು ಅದೇ ಕಾಯ್ದೆಯ 117ನೇ ಕಲಮಿನಲ್ಲಿದೆ. ಎತ್ತುವ 127ಕ್ಕಿಂತ ನಿಲ್ಲಿಸುವ 117 ಮೊದಲು ಬರುತ್ತದೆ ಎಂಬುದನ್ನು ನಮ್ಮ ಊರುಗಳಲ್ಲಿ ಯಾರಾದರೂ ಲೆಕ್ಕಕ್ಕೆ ಹಿಡಿಯಬೇಕಿತ್ತು.

ಈಗೀಗ ಮಾರ್ಟುಗಳು ಬಂದಿವೆ. ಅವುಗಳ ಮುಂದೆ ಬಿಳಿ ಗೆರೆ ಎಳೆದ ಅಂಗಳವಿದೆ, ‘ಗ್ರಾಹಕರಿಗೆ ಮಾತ್ರ’ ಎಂಬ ಫಲಕವಿದೆ, ಒಬ್ಬ ವಾಚ್‌ಮನ್ ಇದ್ದಾನೆ. ನನಗೆ ಪರಿಚಯದ ವಾಚ್‌ಮನ್ ಒಬ್ಬರು ಮೊದಲು ಫಾಲ್ಸಿನ ಮಿಲ್ಲಿನಲ್ಲಿದ್ದವರು. 1887ರಿಂದ ಧಬಧಬೆಯ ದಂಡೆಯ ಮೇಲೆ ನಿಂತಿರುವ ಆ ಮಿಲ್ಲಿನ ಭೋಂಗಾಕ್ಕೆ ಎದ್ದು, ಭೋಂಗಾಕ್ಕೆ ಉಂಡು ಬೆಳೆದ ಜೀವ. ಸೀಟಿಯನ್ನೂ ಅಷ್ಟೇ ದೀರ್ಘವಾಗಿ ಊದುತ್ತಾರೆ. ಅವರ ಕೈಯಲ್ಲಿ ಒಂದು ಸರಪಳಿ, ಒಂದು ಅಲಿಗಢದ ಕೀಲಿ. ಮಾರ್ಟಿನ ಅಂಗಳದಲ್ಲಿ ಗಾಡಿ ಹಚ್ಚಿ ಬೆಳಗಾವಿ ಬಸ್ಸು ಹತ್ತುವವರನ್ನು ನಡಿಗೆಯಲ್ಲೇ ಗುರುತಿಸುತ್ತಾರೆ. “ಸಾಮಾನ ತೊಗೊಳ್ಳಾಕ ಬಂದಾಂವ ಮೊದಲ ಬಾಗಲಾ ನೋಡ್ತಾನ್ರಿ. ಬಸ್ಸಿಗೆ ಹೋಗಾಂವ ಮೊದಲ ನನ್ನ ನೋಡ್ತಾನ.”

ಒಂದು ದಿನ ಅವರ ಜೊತೆ ನಿಂತಿದ್ದಾಗ ಒಬ್ಬ ತರುಣ ಎದುರಿನ ದವಾಖಾನೆಯಿಂದ ಬಂದ. ಗಾಡಿಗೆ ಸರಪಳಿ ಬಿದ್ದಿತ್ತು. “ಬಿಲ್ ತೋರಸ್ರಿ” ಎಂದರು ಇವರು. ಆತ ಜೇಬು ತಡವಿದಂತೆ ಮಾಡಿ, ಸುಮ್ಮನೆ ಒಳಗೆ ಹೋಗಿ, ಐದು ರೂಪಾಯಿಯ ಒಂದು ಚಹಾಪುಡಿ ಚೀಟಿನೊಡನೆ ಹೊರಬಂದು, ಮೊಳದುದ್ದದ ಬಿಲ್ಲನ್ನು ಹರಡಿ ಹಿಡಿದ. ವಾಚ್‌ಮನ್ ಕನ್ನಡಕ ಏರಿಸಿ ಅದನ್ನು ಮೇಲಿನಿಂದ ಕೆಳಗೆ ಓದಿದರು, ವೇಳೆ ನೋಡಿದರು. “ಗಾಡಿ ಹಚ್ಚಿದ್ದು ಹತ್ತಕ್ಕ, ಗಿರಾಕಿ ಆಗಿದ್ದು ಹನ್ನೊಂದೂವರಿಗೆ” ಎಂದರು. ಆದರೂ ಕೀಲಿ ತೆಗೆದರು. ತರುಣ ಹೋಗುವಾಗ ಚಹಾಪುಡಿಯನ್ನು ಅವರ ಕೈಗೇ ಇಟ್ಟು ಹೋದ. ಅದು ಲಂಚವೋ ದಂಡವೋ ಸ್ನೇಹವೋ ಎಂದು ನಮ್ಮಿಬ್ಬರಿಗೂ ಸಂಜೆತನಕ ಇತ್ಯರ್ಥ ಮಾಡಲಾಗಲಿಲ್ಲ. ಚಹಾ ಮಾತ್ರ ಚೆನ್ನಾಗಿತ್ತು.

ಬಿಲ್ಲು ತೋರಿಸಿ ನಿರಪರಾಧಿಯಾಗುವ ಈ ಉಪಾಯವನ್ನು ತೆಲಂಗಾಣ ಸರಕಾರ 2018ರಲ್ಲಿ ಆದೇಶವನ್ನೇ ಮಾಡಿಬಿಟ್ಟಿತು. ಮಾಲುಗಳಲ್ಲಿ ಮೊದಲ 30 ನಿಮಿಷ ಯಾರಿಗೂ ಶುಲ್ಕವಿಲ್ಲ. ಒಂದು ತಾಸಿನ ತನಕ ಯಾವುದಾದರೂ ಖರೀದಿಯ ಬಿಲ್ಲು ತೋರಿಸಿದರೆ ಸಾಕು. ಅದಕ್ಕೂ ಮೇಲಾದರೆ ಬಿಲ್ಲಿನ ಮೊತ್ತ ಪಾರ್ಕಿಂಗ್ ಶುಲ್ಕಕ್ಕಿಂತ ಹೆಚ್ಚಿರಬೇಕು. ಮರುವರ್ಷ ಗುಜರಾತ ಹೈಕೋರ್ಟು ಮಾಲಿನವರು ಪಾರ್ಕಿಂಗಿಗೆ ಹಣ ಕೇಳುವಂತೆಯೇ ಇಲ್ಲ ಎಂದಿತು. ನಮ್ಮ ಕಡೆ ಹಣ ಕೇಳುವ ಮಟ್ಟಕ್ಕೆ ಮಾರ್ಟು ಇನ್ನೂ ಬಂದಿಲ್ಲ. ‘ಗಾಡಿಗೆ ಮಾಲೀಕರೇ ಜವಾಬ್ದಾರರು’ ಎಂಬ ಇನ್ನೊಂದು ಫಲಕ ಮಾತ್ರ ತಪ್ಪದೆ ಇರುತ್ತದೆ. ನೆಲ ನಮ್ಮದು, ಗಾಡಿಯ ಗೊಡವೆ ನಮ್ಮದಲ್ಲ. 1998ರಲ್ಲಿ ದಿಲ್ಲಿಯ ತಾಜ್ ಹೋಟೆಲಿನವರ ಕೈಗೆ ಕೀಲಿ ಕೊಟ್ಟು ನಿಲ್ಲಿಸಿದ ಮಾರುತಿ ಝೆನ್ ಕಳುವಾಗಿ, ಆ ಖಟ್ಲೆ ಸುಪ್ರೀಂ ಕೋರ್ಟಿನಲ್ಲಿ ಮುಗಿಯುವಾಗ 2019 ಬಂದಿತ್ತು. ಕೀಲಿ ಇಸಿದುಕೊಂಡ ಮೇಲೆ ಫಲಕದ ಹಿಂದೆ ಅಡಗುವಂತಿಲ್ಲ ಎಂದಿತು ನ್ಯಾಯಾಲಯ. ನಮ್ಮ ವಾಚ್‌ಮನ್ ಯಾರ ಕೀಲಿಯನ್ನೂ ಇಸಿದುಕೊಳ್ಳುವುದಿಲ್ಲ. ತಮ್ಮದೇ ಕೀಲಿ ಜಡಿಯುತ್ತಾರೆ. ಇದಕ್ಕೆ ತೀರ್ಪು ಯಾರು ಕೊಡಬೇಕೋ!

ಹುಕ್ಕೇರಿ ಕಡೆಯ ನಮ್ಮ ಬೀಗರ ಮಗ ಕ್ಯಾಲಿಫೋರ್ನಿಯಾದಲ್ಲಿದ್ದಾನೆ. ಅಲ್ಲಿ ಕಿರಾಣಿ ಅಂಗಡಿಯ ಅಂಗಳದಲ್ಲಿ ಕಾರು ನಿಲ್ಲಿಸಿ, ಅಕ್ಕಿ ಕೊಂಡು, ಪಕ್ಕದ ಬೀದಿಯಲ್ಲಿ ದೋಸೆ ತಿಂದು ಬರುವಷ್ಟರಲ್ಲಿ ಕಾರು ಮಾಯ. ಊರಿನಿಂದ ಒಯ್ದ ಕರದಂಟೂ ಅದರೊಳಗೇ ಇತ್ತು. ಎಷ್ಟು ಕೊಟ್ಟು ಬಿಡಿಸಿಕೊಂಡೆ ಎಂದು ಅಪ್ಪ ಎಷ್ಟು ಕೇಳಿದರೂ ಹೇಳಲಿಲ್ಲವಂತೆ. ಅಪ್ಪ ರೂಪಾಯಿಗೆ ತಿರುಗಿಸಿ ಎಕರೆ ಲೆಕ್ಕದಲ್ಲಿ ಅಳುತ್ತಾರೆಂಬ ಭಯ. ಅಲ್ಲಿ ಖಾಸಗಿ ಅಂಗಳದಿಂದ ಗಾಡಿ ಎತ್ತುವುದೇ ಒಂದು ದಂಧೆ. ಅದಕ್ಕೇ ಕಾನೂನೂ ಅಷ್ಟೇ ಬಿಗಿ. ಎಚ್ಚರಿಕೆಯ ಫಲಕ ಕನಿಷ್ಠ 17 ಇಂಚು ಅಗಲ, 22 ಇಂಚು ಉದ್ದ ಇರಬೇಕು, ಅಕ್ಷರ ಒಂದು ಇಂಚಿಗೆ ಕಡಿಮೆ ಇರಬಾರದು. ಕೊಂಡಿ ಹಾಕಿದ ಮೇಲೆ, ಅಂಗಳ ದಾಟುವ ಮೊದಲೇ ಮಾಲೀಕ ಓಡಿ ಬಂದರೆ ಅರ್ಧ ಕೂಲಿಗಿಂತ ಹೆಚ್ಚು ಕೇಳುವಂತಿಲ್ಲ. ಈ ದಂಧೆಯ ಲಾರಿ ಹುಟ್ಟಿದ್ದೂ ಆ ದೇಶದಲ್ಲೇ, 1916ರಲ್ಲಿ, ಚಟ್ಟನೂಗ ಎಂಬ ಊರಿನಲ್ಲಿ. ಹಳ್ಳಕ್ಕೆ ಬಿದ್ದ ಗೆಳೆಯನ ಕಾರನ್ನು ಆರು ಆಳು ಹಚ್ಚಿ, ಹಗ್ಗ ಕಟ್ಟಿ ಎಂಟು ತಾಸು ಎಳೆದು ಬೇಸತ್ತ ಅರ್ನೆಸ್ಟ್ ಹೋಮ್ಸ್ ಎಂಬಾತ ಆಮೇಲೆ ಯಂತ್ರ ಕಟ್ಟಿದ. ಉಪಕಾರಕ್ಕೆ ಹುಟ್ಟಿದ ಸಾಮಾನು ಅದು. ಹುಕ್ಕೇರಿ ತಾಲೂಕಿನ ಹತ್ತರಗಿ ಟೋಲ್ ಕಡೆ ಹೈವೇಯಲ್ಲಿ ನಡುರಾತ್ರಿ ಗಾಡಿ ಕೆಟ್ಟು, 1033ಕ್ಕೆ ಫೋನ್ ಹಚ್ಚಿ, ದೂರದಿಂದ ಕ್ರೇನಿನ ಹಳದಿ ದೀಪ ಬರುವುದನ್ನು ಕಂಡವರನ್ನು ಕೇಳಿ. ಅದೇ ಕ್ರೇನು ಪೇಟೆಯಲ್ಲಿ ಬಂದರೆ ಜನ ಕಲ್ಲು ಹುಡುಕುತ್ತಾರೆ.

ನಮ್ಮಲ್ಲಿ ಕ್ರೇನಿಗೂ ಮುಂಚೆ ಕೊಂಡವಾಡವಿತ್ತು. ನಾನು ಸಣ್ಣವನಿದ್ದಾಗ ಊರಿನ ಕೊಂಡವಾಡದ ಕಲ್ಲುಗೋಡೆಯ ಮೇಲೆ ಗದ್ದ ಊರಿ, ಒಳಗೆ ಯಾರ ಯಾರ ದನ ಬಿದ್ದಿವೆ ಎಂದು ನೋಡುವುದು ಸಾಲಿ ಬಿಟ್ಟ ಮೇಲಿನ ದೊಡ್ಡ ಮನರಂಜನೆ. ಕಂಡವರ ಹೊಲ ಹೊಕ್ಕು ಮೇಯ್ದ ದನ, ರಸ್ತೆಯ ಮೇಲೆ ಬೇವಾರ್ಸಿ ತಿರುಗುವ ದನ, ಎಲ್ಲಕ್ಕೂ ಅದೇ ಜಾಗ. ನಮ್ಮ ಅಜ್ಜನ ಒಂದು ಎಮ್ಮೆ ಅಲ್ಲಿಗೆ ಖಾಯಂ ಗಿರಾಕಿ. ದಂಡ ಕಟ್ಟಿ ಬಿಡಿಸಿಕೊಂಡು ಬರುವಾಗ ಅದು ಅಜ್ಜನಿಗಿಂತ ಮುಂದೆ, ಏನೂ ಆಗದವರ ಹಾಗೆ ನಡೆಯುತ್ತಿತ್ತು.

ಬೆಳಗಾವಿ ಜಿಲ್ಲೆ ಮುಂಬಯಿ ಇಲಾಖೆಯಲ್ಲಿದ್ದ ಕಾಲಕ್ಕೆ ಇದಕ್ಕೆ 1871ರ ಕಾಯ್ದೆ ಇತ್ತು. 1966ರಲ್ಲಿ ಕರ್ನಾಟಕದ್ದೇ ಆಯಿತು. ಆ ಹಳೆಯ ಕಾಯ್ದೆಯನ್ನು ಓದಿದರೆ ಇವತ್ತಿನ ಗಾಡಿಯವನಿಗೆ ಹೊಟ್ಟೆಕಿಚ್ಚು ಬರಬೇಕು. ದಂಡದ ಪಟ್ಟಿ ಸ್ಪಷ್ಟ: ಆನೆಗೆ 2 ರೂಪಾಯಿ, ಒಂಟೆಗೆ ಎಮ್ಮೆಗೆ 8 ಆಣೆ, ಕುದುರೆ ಎತ್ತು ಆಕಳಿಗೆ 4 ಆಣೆ, ಕರು ಕತ್ತೆ ಹಂದಿಗೆ 2 ಆಣೆ, ಕುರಿ ಆಡಿಗೆ 1 ಆಣೆ. ಗೋಕಾಕದ ಕಡೆ ಯಾರ ಜೋಳದ ಹೊಲಕ್ಕೆ ಆನೆ ನುಗ್ಗಿತ್ತೋ ಗೊತ್ತಿಲ್ಲ, ದರ ಮಾತ್ರ ತಯಾರಿತ್ತು. ಹಿಡಿದವನು 24 ತಾಸಿನೊಳಗೆ ಕೊಂಡವಾಡಕ್ಕೆ ಹೊಡೆಯಬೇಕು. ಕೊಂಡವಾಡದವನು ದಾಖಲೆ ಬರೆಯಬೇಕು, ರಸೀದಿ ಕೊಡಬೇಕು, ಮೇವು ನೀರು ಕಾಣಿಸಬೇಕು. ಏಳು ದಿನ ಯಾರೂ ಬರದಿದ್ದರೆ ಹತ್ತಿರದ ಊರಿನಲ್ಲಿ, ಸಂತೆಯಲ್ಲಿ ಡಂಗುರ ಸಾರಬೇಕು. ಮತ್ತೆ ಏಳು ದಿನ ಕಾದು ಆಮೇಲಷ್ಟೇ ಲಿಲಾವು. ವಿನಾಕಾರಣ ಹಿಡಿದಿದ್ದರೆ ದನದ ಧಣಿ ಹತ್ತು ದಿನದೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹೋಗಬಹುದು; 100 ರೂಪಾಯಿಯ ತನಕ ಪರಿಹಾರ. ಎಮ್ಮೆಯ ದಂಡವೇ 8 ಆಣೆ ಇದ್ದಾಗಿನ ಮಾತು ಇದು.

ಬೆಂಗಳೂರಿನ ಟೋಯಿಂಗ್ ಕೆಟ್ಟದ್ದು ಇಲ್ಲೇ ಎಂದು ನನ್ನ ಲೆಕ್ಕ. ಎತ್ತುವ ಮೊದಲು ಮೈಕಿನಲ್ಲಿ ಗಾಡಿಯ ನಂಬರು ಕೂಗಬೇಕೆಂಬ ಡಂಗುರದ ನಿಯಮ ಅಲ್ಲೂ ಇತ್ತು. ಕೂಗುವವರು ಕೂಗಲಿಲ್ಲ, ಕೂಗಿದರೆ ಕೇಳುವಷ್ಟು ಹೊತ್ತು ನಿಲ್ಲಲಿಲ್ಲ. ಮಾಲೀಕ ಲಾರಿಯ ಹಿಂದೆ ಓಡುವುದು ಬೆಂಗಳೂರಿನ ದಿನನಿತ್ಯದ ನೋಟವಾಯಿತು. 2022ರ ಜನವರಿಯಲ್ಲಿ ಟೋಯಿಂಗ್ ಲಾರಿಯ ಜೊತೆಗಿದ್ದ ಪೊಲೀಸನೊಬ್ಬ ಅಂಗವಿಕಲ ಹೆಣ್ಣುಮಗಳಿಗೆ ಒದ್ದ ವಿಡಿಯೊ ನಾಡೆಲ್ಲ ಹರಿದಾಡಿತು. ಮರುತಿಂಗಳು ಸರಕಾರ ಟೋಯಿಂಗನ್ನೇ ನಿಲ್ಲಿಸಿತು. ಕೊಂಡವಾಡದಲ್ಲಿ ಎಮ್ಮೆಗೂ ರಸೀದಿ ಇತ್ತು. ಇಲ್ಲಿ ಮನುಷ್ಯಳಿಗೆ ಒದೆ. ಹಾಗೆಂದು ನಮ್ಮ ಗಾಳಿ ಬಿಡುವ ಪದ್ಧತಿಯನ್ನು ಹೊಗಳಲಾರೆ. ಅಲ್ಲಿ ಒದ್ದವನ ಮುಖ ವಿಡಿಯೊದಲ್ಲಾದರೂ ಕಂಡಿತು. ನಮ್ಮಲ್ಲಿ ಬರೀ ‘ಹುಡುಗರು’.

ಮೂಡಲಗಿಯಲ್ಲಿ ಮೊನ್ನೆ ಚಹಾ ಕುಡಿಯುತ್ತಾ ಇದೇ ಚರ್ಚೆ ಬಂತು. 2018ರಿಂದ ತಾಲೂಕು ಕೇಂದ್ರವಾಗಿರುವುದರಿಂದ ಅಲ್ಲಿನವರಿಗೆ ಈಗ ಎಲ್ಲ ಕಚೇರಿಗಳೂ ಬೇಕು. ಗಾಡಿಗಳಿಗೂ ಒಂದು ಕೊಂಡವಾಡ ಇರಲಿ ಎಂದ ಒಬ್ಬ. ರಸೀದಿ, ರಜಿಸ್ಟರು, ಒಬ್ಬ ಕಾರಕೂನ. ದೊಡ್ಡವರ ಫೋಟೊದ ಕಾರಿಗೆ ಆನೆಯ ದರ ಹಚ್ಚಬೇಕು ಎಂದ ಇನ್ನೊಬ್ಬ. ಟ್ರ್ಯಾಕ್ಟರಿಗೆ ಎಷ್ಟು ಎಂಬಲ್ಲಿ ಮಾತು ಬಿಸಿಯಾಯಿತು. ಕಬ್ಬಿನ ಬಿಲ್ಲು ಬಂದ ಮೇಲೆ ಕೊಡುತ್ತೇವೆ ಎಂದು ಮೂಲೆಯಿಂದ ಯಾರೋ ಅಂದದ್ದಕ್ಕೆ ಎಲ್ಲರೂ ನಕ್ಕು, ದಂಡ ವಸೂಲಿ ಆದಂತೆಯೇ ಎಂದರು. ಕಡೆಗೆ ಜಾಗದ ಪ್ರಶ್ನೆ. ಎತ್ತಿದ ಗಾಡಿ ಇಡಲು ವಿಶಾಲವಾದ ಬಯಲು ಬೇಕಲ್ಲ? ಹಿರಿಯರೊಬ್ಬರು ಬಸ್‌ಸ್ಟ್ಯಾಂಡಿನ ಆಚೆಯ ಒಂದು ಜಾಗ ಸೂಚಿಸಿದರು. ಛಲೋ ಜಾಗ, ನೆರಳೂ ಇದೆ ಎಂದು ಎಲ್ಲರೂ ತಲೆದೂಗಿದರು. ಚಹಾದವನು ಗ್ಲಾಸು ಎತ್ತುತ್ತಾ ಹೇಳಿದ: “ಅಲ್ಲಿ ಎಲ್ಲಿ ಜಾಗಾ ಐತ್ರೀ? ಆಗಲೇ ಗಾಡಿ ಹಚ್ಚ್ಯಾರ.”